ನಡುಮನೆಗೊಂದು ಕ್ಯಾಮೆರಾ

“ಮನೇಲಿ ಎಷ್ಟು ಜನ ಇದ್ದೀರಮ್ಮ?” ಎಂದು ಕ್ಯಾಮೆರಾ ಅಂಗಡಿಯವನು ಕೇಳಿದ.

“ಇಬ್ಬರು. ಒಂದು ಸಲಕ್ಕೆ ಒಬ್ಬರು,” ಎಂದೆ.

ಅವನು ಜೋರಾಗಿ ನಕ್ಕ. ನಾನೇನು ತಮಾಷೆಗೆ ಹೇಳಿರಲಿಲ್ಲ. ನಮ್ಮವರಿಗೆ ಬ್ರೆಡ್ಡು ಮಾಡುವ ಬೇಕರಿಯಲ್ಲಿ ರಾತ್ರಿ ಪಾಳಿ. ನನಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಹಗಲು ಕೆಲಸ. ಬೆಳಗ್ಗೆ ನಾನು ಬೀಗ ಹಾಕಿ ಬಸ್ಸು ಹತ್ತಿದ ಮೇಲೆ ಅವರು ಇನ್ನೊಂದು ಬಸ್ಸಿನಲ್ಲಿ ಬಂದು ಅದೇ ಬೀಗ ತೆಗೆಯುತ್ತಾರೆ. ಸಂಜೆ ಅವರು ಬೀಗ ಹಾಕಿಕೊಂಡು ಹೋದ ಮೇಲೆ ನಾನು ಬಂದು ತೆಗೆಯುತ್ತೇನೆ. ವಾರಕ್ಕೊಂದು ರಜೆ ಅವರಿಗೂ ಇದೆ, ನನಗೂ ಇದೆ, ದಿನ ಮಾತ್ರ ಬೇರೆ ಬೇರೆ. ಮದುವೆಯಾದ ಹೊಸದರಲ್ಲಿ, ಸ್ವಲ್ಪ ದಿನ ತಡಿ, ಪಾಳಿ ಬದಲಾಗುತ್ತೆ ಅಂದಿದ್ದರು. ನನ್ನ ತಲೆಗೂದಲಿನ ಬಣ್ಣ ಬದಲಾಯಿತೇ ಹೊರತು ಪಾಳಿ ಬದಲಾಗಲಿಲ್ಲ.

ಹಾಗಾಗಿ ರಜೆಯ ದಿನ ಇಬ್ಬರೂ ಮನೆಯಲ್ಲಿದ್ದರೂ ಒಬ್ಬರು ಮಲಗಿರುತ್ತಾರೆ, ಇನ್ನೊಬ್ಬರು ಬೆಕ್ಕಿನ ಹೆಜ್ಜೆ ಇಡುತ್ತಿರುತ್ತಾರೆ. ಬಾಗಿಲಿನ ಚಿಲಕಕ್ಕೆ ಬಟ್ಟೆ ಸುತ್ತಿದ್ದೇವೆ. ಕುರ್ಚಿಯ ಕಾಲುಗಳಿಗೆಲ್ಲ ರಬ್ಬರಿನ ಟೋಪಿ. ಪಾತ್ರೆ ತೊಳೆಯುವಾಗ ನಲ್ಲಿಯನ್ನು ದಾರದ ಹಾಗೆ ಸಣ್ಣಗೆ ಬಿಡಬೇಕು. ಸೀನು ಬಂದರೆ ಬಚ್ಚಲುಮನೆಗೆ ಓಡಬೇಕು. ನಾನು ಹುಟ್ಟಿನಿಂದಲೇ ದೊಡ್ಡ ಗಂಟಲಿನವಳು. ಇವಳು ಕಿವಿಯಲ್ಲಿ ಗುಟ್ಟು ಹೇಳಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತೆ ಎಂದು ನಮ್ಮಮ್ಮ ಬಯ್ಯುತ್ತಿದ್ದಳು. ಅಂಥ ನಾನು ಈಗ, ಅವರ ರಜೆಯ ಸಂಜೆ ಇಬ್ಬರೂ ಎಚ್ಚರವಾಗಿ ಎದುರುಬದುರು ಕೂತಾಗಲೂ ಪಿಸುಗುಟ್ಟುತ್ತೇನೆ. ಅವರೂ ಅಷ್ಟೆ. ಅಭ್ಯಾಸ, ಇನ್ನೇನು! ಹೊರಗಿನವರು ಯಾರಾದರೂ ನೋಡಿದರೆ ಇವರಿಬ್ಬರು ಮನೆಯವರಿಗೆ ಹೇಳದೆ ಓಡಿಬಂದವರು ಅಂದುಕೊಳ್ಳಬೇಕು.

ಕ್ಯಾಮೆರಾದ ಹುಚ್ಚು ಹಚ್ಚಿದವರು ಮೇಲಿನ ಮನೆಯ ಟೀಚರಮ್ಮ. ಅವರ ಟಿವಿಯನ್ನು ಯಾರೋ ಹಾಡಹಗಲೇ ಎತ್ತಿಕೊಂಡು ಹೋದರು. ಆಮೇಲೆ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ, “ನಿಮ್ಮನೇಲಂತೂ ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಯಾರೂ ಇರಲ್ಲ. ಕಳ್ಳರು ಇದನ್ನೆಲ್ಲ ನೋಡ್ಕೊಂಡೇ ಬರೋದು. ಒಂದು ಕ್ಯಾಮೆರಾ ಹಾಕ್ಸಿಬಿಡಿ,” ಎಂದು ಬೆನ್ನು ಹತ್ತಿದರು. ನಮ್ಮ ಮನೆಯಲ್ಲಿ ಯಾರು ಯಾವಾಗ ಇರುತ್ತಾರೆ ಅಂತ ಕಳ್ಳನಿಗೆ ಗೊತ್ತಿದ್ದರೆ ಅವನು ನನಗಿಂತ ವಾಸಿ ಅಂದುಕೊಂಡೆ. ಕದಿಯುವುದಕ್ಕೆ ತಾನೆ ಏನಿದೆ? ಒಂದು ಹಳೆ ಫ್ರಿಜ್ಜು, ನಾಲ್ಕು ಕುರ್ಚಿ, ಡಬ್ಬಿ ತುಂಬ ಬ್ರೆಡ್ಡು.

ನಿಜ ಹೇಳಬೇಕೆಂದರೆ ಕಳ್ಳ ಒಂದು ನೆಪ.

ನಮ್ಮ ಲ್ಯಾಬಿನ ಡಾಕ್ಟರು ಬೇರೊಂದು ಊರಿನಲ್ಲಿ ಇನ್ನೊಂದು ಲ್ಯಾಬು ತೆರೆಯುತ್ತಿದ್ದಾರೆ. ರೈಲಿನಲ್ಲಿ ಹೋದರೆ ಇಡೀ ಹಗಲಿನ ದಾರಿ. “ಅದನ್ನ ನೀವೇ ಹೋಗಿ ನೋಡ್ಕೊಳ್ಳಿ. ಇರೋಕೆ ಮನೇನೂ ಕೊಡ್ತೀನಿ. ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳ್ಬಿಡಿ,” ಎಂದರು. ನನ್ನ ಕೈಕೆಲಸದ ಮೇಲೆ ಅವರಿಗೆ ಅಷ್ಟು ನಂಬಿಕೆ ಇದೆ ಎಂದು ತಿಳಿದು ಒಳಗೊಳಗೇ ಉಬ್ಬಿಹೋದೆ. ನಮ್ಮವರ ರಜೆ ಬರುವ ತನಕ ಕಾದು, ಸಂಜೆ ಎದುರಿಗೆ ಕೂರಿಸಿಕೊಂಡು ವಿಷಯ ಹೇಳಿದೆ. ಅವರು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, “ನಿಂಗೆ ಯಾವುದು ಸರಿ ಅನ್ಸುತ್ತೋ ಅದನ್ನ ಮಾಡು,” ಎಂದರು.

ಅಷ್ಟೇ. ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಕಿಟಕಿಯ ಪರದೆಗೆ ಯಾವ ಬಣ್ಣ? ನಿಂಗೆ ಸರಿ ಅನ್ಸಿದ್ದು. ಮಕ್ಕಳಾಗಲಿಲ್ಲ, ಇನ್ನೊಂದು ಸಲ ಆಸ್ಪತ್ರೆಗೆ ಹೋಗೋಣವೋ, ಸಾಕು ಮಾಡೋಣವೋ? ನಿಂಗೆ ಸರಿ ಅನ್ಸಿದ್ದು. ಈಗ ಕಟ್ಟಿಕೊಂಡ ಹೆಂಡತಿ ಗಂಟುಮೂಟೆ ಕಟ್ಟಲೇ ಎಂದು ಕೇಳಿದರೂ ಅದೇ ರಾಗ. ಹೋಗಬೇಡ ಅನ್ನಲಿ, ಇಲ್ಲ ಹೋಗಿ ತೊಲಗು ಅನ್ನಲಿ, ಕೊನೇಪಕ್ಷ ಆ ಲೋಟವನ್ನಾದರೂ ಕುಕ್ಕಲಿ! ನನಗೆ ಮೈಯೆಲ್ಲ ಉರಿದುಹೋಯಿತು. ಬಚ್ಚಲುಮನೆಗೆ ಹೋಗಿ ಬಾಯಿಗೆ ಟವೆಲು ಒತ್ತಿಕೊಂಡು ಅತ್ತೆ. ಅಳುವುದಾದರೂ ಸದ್ದಿಲ್ಲದೆ ಅಳುವುದು ನಮ್ಮ ಮನೆಯ ಪದ್ಧತಿ.

ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕಿತ್ತು. ನಾನಿಲ್ಲದ ಮನೆಯಲ್ಲಿ ಈ ಮನುಷ್ಯ ಹೇಗಿರುತ್ತಾನೆ? ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನುವುದಾದರೆ ಇಲ್ಲಿ ಕೂತು ಯಾರಿಗೆ ಕಾಯಲಿ? ಹೊರಟುಬಿಡುವುದೇ ಸರಿ. ಕಣ್ಣಾರೆ ನೋಡಿ ತೀರ್ಮಾನ ಮಾಡೋಣ ಎಂದುಕೊಂಡೇ ಆ ಅಂಗಡಿಯ ಮೆಟ್ಟಿಲು ಹತ್ತಿದ್ದೆ.

ಅಂಗಡಿಯವನಿಗೆ ಇದೆಲ್ಲ ಹೇಳಲಾಗುತ್ತದೆಯೇ? ಅವನು ದೊಡ್ಡ ಪೆಟ್ಟಿಗೆಯೊಂದನ್ನು ಮುಂದಿಟ್ಟು, “ಇದು ನಾಲ್ಕು ಕ್ಯಾಮೆರಾ ಸೆಟ್ಟು. ಮನೆ ಸುತ್ತ ಹಾಕಿಬಿಟ್ರೆ ಸೊಳ್ಳೆ ಬಂದ್ರೂ ಗೊತ್ತಾಗುತ್ತೆ,” ಎಂದ.

“ಸೊಳ್ಳೆ ಬಂದ್ರೆ ಕ್ಯಾಮೆರಾ ಇಲ್ದೇನೂ ಗೊತ್ತಾಗುತ್ತಪ್ಪ. ಒಂದೇ ಒಂದು ಸಾಕು. ಗೋಡೆಗೆ ಡ್ರಿಲ್ ಹೊಡೆಯೋದು ಬೇಡ.”

“ಡ್ರಿಲ್ ಇಲ್ದೆ ಹೇಗಮ್ಮ? ಅರ್ಧ ಗಂಟೆ ಸದ್ದು ತಡ್ಕೊಂಡ್ರೆ ಆಯ್ತು.”

“ಮಲಗಿರ್ತಾರೆ,” ಎಂದೆ. ಯಾರು, ಯಾವಾಗ ಎಂದು ಅವನು ಕೇಳಲಿಲ್ಲ.

ಬಾಗಿಲ ಹೊರಗೆ ಹಾಕುವುದು ತೋರಿಸಿದ, ಬೇಡವೆಂದೆ. ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವುದು ತೋರಿಸಿದ. ಅದು ತಿರುಗುವಾಗ ಕಿರ್ರ್ ಅನ್ನುತ್ತಿತ್ತು, ಅದೂ ಬೇಡವಾಯಿತು. ಯಾರಾದರೂ ಕಂಡ ಕೂಡಲೇ ಕೂಗಿಕೊಳ್ಳುವುದು ಒಂದಿತ್ತು. ಅದನ್ನು ಪೆಟ್ಟಿಗೆಯಿಂದ ತೆಗೆಯಲೂ ಬಿಡಲಿಲ್ಲ. ಕೊನೆಗೆ ಕಪಾಟಿನ ಮೇಲೆ ಸುಮ್ಮನೆ ಕೂರಿಸುವ, ಮೊಟ್ಟೆಯಷ್ಟು ದೊಡ್ಡದೊಂದನ್ನು ತೆಗೆದ. ಮನೆಯ ವೈಫೈಗೆ ಜೋಡಿಸಿದರೆ ಸಾಕು, ಅದರ ಮುಂದೆ ಮನುಷ್ಯರು ಯಾರಾದರೂ ಅಲ್ಲಾಡಿದರೆ ನನ್ನ ಫೋನು ಗುಂಯ್ ಅನ್ನುತ್ತದೆ, ಬೇಕೆಂದಾಗ ಲ್ಯಾಬಿನಲ್ಲಿ ಕೂತೇ ಮನೆಯನ್ನು ನೋಡಬಹುದು, ಗುಂಡಿ ಒತ್ತಿ ಮಾತೂ ಆಡಬಹುದು ಎಂದ. “ಆದ್ರೆ ಇದು ಒಳಗಡೆ ಇಡೋದಮ್ಮ. ಕಳ್ಳ ಒಳಗೆ ಬಂದ ಮೇಲೆ ನೋಡಿ ಏನು ಮಾಡ್ತೀರಿ?”

“ಮುಖ ನೋಡ್ತೀನಿ,” ಎಂದೆ.

ಅದನ್ನು ಚಾಲೂ ಮಾಡಿ ಮೇಜಿನ ಮೇಲಿಟ್ಟು, ಪಕ್ಕದ ಟಿವಿಯಲ್ಲಿ ನೋಡಿ ಎಂದ. ಟಿವಿಯಲ್ಲಿ ಹೆಗಲಿಗೆ ಊಟದ ಚೀಲ ನೇತುಹಾಕಿಕೊಂಡು, ಒಂದು ಕಡೆ ವಾಲಿ ನಿಂತ ಒಬ್ಬಳು ಹೆಂಗಸು ಕಂಡಳು. ಯಾರಪ್ಪ ಈ ಆಂಟಿ, ಇಷ್ಟು ಸೋತುಹೋಗಿದ್ದಾಳೆ ಅಂದುಕೊಂಡೆ. ಅವಳೂ ನನ್ನ ಜೊತೆಗೇ ತಲೆ ಎತ್ತಿದಳು. ಮನೆಯಲ್ಲಿ ಮುಖ ನೋಡಿ ‘ಯಾಕೆ ಬಾಡಿದ್ದೀಯ’ ಎಂದು ಕೇಳುವವರಿಲ್ಲದಿದ್ದರೆ ತನ್ನ ಮುಖ ತನಗೇ ಮರೆತುಹೋಗುತ್ತದೆ. ತಟ್ಟನೆ ಕಣ್ಣು ತುಂಬಿಕೊಂಡಿತು. ಅಂಗಡಿಯವನು ನೋಡಲಿಲ್ಲ, ಪುಣ್ಯ.

ತೆಗೆದುಕೊಳ್ಳುವ ಮೊದಲು ನಮ್ಮವರಿಗೆ ಒಂದು ಮೆಸೇಜು ಹಾಕಿದೆ: ಕ್ಯಾಮೆರಾ ನೋಡುತ್ತಿದ್ದೇನೆ, ಹೊರಗೆ ಇಡುವುದೋ ಒಳಗೆ ಇಡುವುದೋ? ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಏನು ಬಂದಿರಬಹುದು, ನೀವೇ ಹೇಳಿ. ನಾನು ಮೊಟ್ಟೆಯನ್ನೇ ತಂದು ನಡುಮನೆಯ ಕಪಾಟಿನ ಮೇಲೆ ಕೂರಿಸಿದೆ.

ಮೊದಲ ದಿನ ಲ್ಯಾಬಿನಲ್ಲಿ ಒಬ್ಬ ಅಜ್ಜನ ಕೆಳಗಿನ ಸೆಟ್ಟಿಗೆ ನಯ ಕೊಡುತ್ತಿದ್ದೆ. ಅಂಚು ಉಜ್ಜುವ ಮೋಟಾರು ಕೈಯಲ್ಲಿ ತಿರುಗುತ್ತಿತ್ತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಗುಂಯ್ ಎಂದಿತು. ಬೆಚ್ಚಿಬಿದ್ದೆ, ಮೋಟಾರು ಜಾರಿ ಹೆಬ್ಬೆರಳಿಗೆ ತಗುಲಿತು. ಬಾಗಿಲು ತೆಗೆದದ್ದಕ್ಕೊಂದು ಗುಂಯ್, ಚಪ್ಪಲಿ ಬಿಟ್ಟದ್ದಕ್ಕೊಂದು ಗುಂಯ್, ಬ್ರೆಡ್ಡು ಮೇಜಿನ ಮೇಲಿಟ್ಟದ್ದಕ್ಕೊಂದು ಗುಂಯ್. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವಷ್ಟರಲ್ಲಿ ಫೋನು ಕುಣಿದಾಡಿಬಿಟ್ಟಿತು. ಟೀ ಹೊತ್ತಿಗೆ ಮತ್ತೊಂದು ಗುಂಯ್ ಬಂತೆಂದು ತೆರೆದು ನೋಡಿದರೆ, ನೀರು ಕುಡಿಯಲು ಎದ್ದವರು ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದರು. ಸಂಜೆ ಅವರು ಬೇಕರಿಗೆ ನಡೆದುಹೋಗುವಾಗ ನಾವು ಫೋನಿನಲ್ಲಿ ಒಂದೆರಡು ಮಾತಾಡುವುದು ರೂಢಿ. “ರೀ, ಈ ಕ್ಯಾಮೆರಾ ನನ್ನ ಕೈ ಕುಯ್ತು. ನೀವು ಅಲ್ಲಾಡಿದಾಗಲೆಲ್ಲ ಫೋನು ಗುಂಯ್ ಅನ್ನುತ್ತೆ, ನಾನು ಬೆಚ್ಚಿಬೀಳ್ತೀನಿ,” ಎಂದು ನಗುನಗುತ್ತಲೇ ದೂರಿದೆ. “ಜಾಸ್ತಿ ಆಯ್ತಾ?” ಎಂದರು. ಇಲ್ಲ ಎಂದೆ. ಬೇಕರಿ ಬಂತು ಎಂದು ಫೋನಿಟ್ಟರು.

ಮರುದಿನ ಫೋನು ಬೆಳಗ್ಗೆ ಒಂದು ಸಲ, ಟೀಗೆ ಸ್ವಲ್ಪ ಮುಂಚೆ ಒಂದು ಸಲ ಗುಂಯ್ ಎಂದದ್ದು ಬಿಟ್ಟರೆ ತೆಪ್ಪಗಿತ್ತು. ಬಂದು ಮಲಗಿರಬೇಕು ಅಂದುಕೊಂಡೆ. ಟೀ ಹೊತ್ತಿಗೆ ತೆರೆದು ನೋಡಿದರೆ, ನಡುಮನೆಯ ಕುರ್ಚಿಯಲ್ಲಿ ಕೂತಿದ್ದಾರೆ. ಎರಡೂ ಕೈ ಮೊಣಕಾಲ ಮೇಲೆ. ಮುಖ ಕ್ಯಾಮೆರಾ ಕಡೆಗೆ. ಕಣ್ಣಿನ ರೆಪ್ಪೆ ಬಿಟ್ಟರೆ ಇನ್ನೇನೂ ಆಡುತ್ತಿಲ್ಲ. ಚಿತ್ರ ಅಂಟಿಕೊಂಡಿತೇನೋ ಎಂದು ಗೋಡೆಯ ಗಡಿಯಾರ ನೋಡಿದೆ. ಅದರ ಮುಳ್ಳು ಓಡುತ್ತಿತ್ತು. ಕಿಟಕಿಯ ಪರದೆ ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು. ಇವರು ಮಾತ್ರ ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಕೂತೇ ಇದ್ದರು.

ಪಕ್ಕದಲ್ಲಿ ಅಚ್ಚು ಹೊಯ್ಯುವ ಪ್ಲಾಸ್ಟರಕ್ಕ ಬಗ್ಗಿ ನೋಡಿ, “ಅಯ್ಯೋ, ನಿಮ್ಮೋರು ಉಸಿರಾಡ್ತಿದ್ದಾರೆ ತಾನೆ?” ಎಂದಳು. ಅವಳಿಗೆ ಪ್ಲಾಸ್ಟರಕ್ಕ ಎಂದು ಹೆಸರಿಟ್ಟವಳು ನಾನೇ. ಅವಳ ಬಾಯಿಗೆ ಮಣ್ಣು ಹಾಕ! ಮಾತಾಡುವ ಗುಂಡಿಯ ಮೇಲೆ ಬೆರಳಿಟ್ಟೆ. ಬೆಚ್ಚಿಬಿದ್ದಾರು ಎಂದು ತೆಗೆದೆ. ನಾನು ಮೋಟಾರು ಕೈಗೆತ್ತಿಕೊಳ್ಳಲು ಫೋನು ಮುಚ್ಚಿಟ್ಟ ಸ್ವಲ್ಪ ಹೊತ್ತಿಗೆ ಒಂದು ಗುಂಯ್ ಬಂತು. ನೋಡಿದರೆ ಕುರ್ಚಿ ಖಾಲಿ.

ಅದರ ಮರುದಿನವೂ ಅದೇ. ಇನ್ನೊಂದು ದಿನವೂ ಅದೇ. ಟೀ ಹೊತ್ತಿಗೆ ನೋಡಿದರೆ ಗರ ಬಡಿದವರ ಹಾಗೆ ಕುರ್ಚಿಯಲ್ಲಿ. ನಾನು ಏನೇನೋ ಅಂದುಕೊಂಡಿದ್ದೆ. ಒಬ್ಬರೇ ಇದ್ದಾಗ ಹಾಡಿಕೊಳ್ಳಬಹುದು, ಯಾರಿಗೋ ಫೋನು ಮಾಡಿ ನನ್ನನ್ನು ಬಯ್ಯಬಹುದು, ನನ್ನ ಸೀರೆ ಮಡಚಿಡಬಹುದು, ಬೇರೆ ಯಾವಳಾದರೂ ಬರಬಹುದು! ಬಂದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಎಳೆದು ಜಗಳವಾಡಲು ಒಂದು ಜುಟ್ಟಾದರೂ ಸಿಗುತ್ತಿತ್ತು. ಇವರು ನಾನಿದ್ದರೆ ಎಷ್ಟು ಮೌನವೋ ನಾನಿಲ್ಲದಾಗಲೂ ಅಷ್ಟೇ ಮೌನ. ಇಷ್ಟು ವರ್ಷ ನಾನು ಸದ್ದು ಮಾಡದೆ ಓಡಾಡಿದ್ದು ಒಂದು ಮರದ ತುಂಡಿಗಾಗಿ ಎಂದು ಅನ್ನಿಸಿತು. ಅಷ್ಟು ಒಂಟಿ ಅನ್ನಿಸಿದ್ದು ನನಗೆ ಅಮ್ಮ ಸತ್ತಾಗಲೂ ಇಲ್ಲ.

ಶುಕ್ರವಾರ ಡಾಕ್ಟರ ಕೋಣೆಗೆ ಹೋಗಿ, “ಹೂಂ ಡಾಕ್ಟ್ರೇ, ಹೋಗ್ತೀನಿ,” ಎಂದೆ. ಅವರು ಕೈ ಕುಲುಕಿದರು. ಪ್ಲಾಸ್ಟರಕ್ಕ ಅತ್ತೇಬಿಟ್ಟಳು. ನನಗೆ ಮಾತ್ರ ಅಳು ಬರಲಿಲ್ಲ.

ಸಂಜೆ ಮನೆಗೆ ಬಂದರೆ ಮೇಜಿನ ಮೇಲೆ ಎಂದಿನ ಬ್ರೆಡ್ಡು, ಅದರ ಮೇಲೆ ಎಂದಿನ ಬಟ್ಟೆ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಇಂಥ ಮಾತನ್ನು ಮೆಸೇಜಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಕೋಪ ಬೇರೆ ನೆತ್ತಿಗೇರಿತ್ತು. ಬಂದ ಚಪ್ಪಲಿಯಲ್ಲೇ ಹೊರಟೆ. ಅವರ ಬೇಕರಿ ನಮ್ಮ ಮನೆಯಿಂದ ಎರಡು ಬಸ್ ಸ್ಟಾಪು. ಅದರ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ, ಒಳಗೆ ಕಾಲಿಟ್ಟವಳಲ್ಲ. ಅಂಗಡಿಯ ಮುಂಬಾಗಿಲು ಮುಚ್ಚಿತ್ತು. ಹಿಂದಿನ ಓಣಿಗೆ ತಿರುಗಿದೆ.

ಓಣಿಗೇ ಕೇಳಿಸುತ್ತಿತ್ತು ಒಳಗಿನ ಗದ್ದಲ. ಹಿಟ್ಟು ಕಲಸುವ ಯಂತ್ರ ಗುಡುಗುಡು ಎನ್ನುತ್ತಿತ್ತು, ತಗಡಿನ ಟ್ರೇಗಳು ಧಡಾರ್ ಧಡಾರ್ ಎನ್ನುತ್ತಿದ್ದವು. ಅವೆಲ್ಲದರ ಮೇಲೆ ಒಬ್ಬ ಗಂಡಸಿನ ಗಂಟಲು. “ಏಯ್, ಅದೇನು ಹಿಟ್ಟು ನಾದ್ತಿದ್ದೀಯೋ, ಮಗು ತೂಗ್ತಿದ್ದೀಯೋ? ಹೊಡಿಯೋ ಅದಕ್ಕೆ!” ಎಂದು ಕೂಗಿ ಆ ಗಂಟಲು ಗಹಗಹಿಸಿ ನಕ್ಕಿತು. ಉಳಿದವರೂ ನಕ್ಕರು. ಬಾಗಿಲ ಬಳಿ ಮೈದಾ ಚೀಲ ಇಳಿಸುತ್ತಿದ್ದವನೊಬ್ಬ ಹಣೆ ಒರೆಸಿಕೊಳ್ಳುತ್ತ, “ಯಾರು ಬೇಕಿತ್ತಮ್ಮ?” ಎಂದ.

ನಮ್ಮವರ ಗುರುತು ಹೇಳಿದೆ.

“ಓ, ನಮ್ಮ ಗುಡುಗಣ್ಣನಾ? ಒಳಗೇ ಇದ್ದಾನೆ ನೋಡಿ. ಕಾಣೋದಕ್ಕೆ ಮುಂಚೆ ಕೇಳಿಸ್ತಾನೆ.”

ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಹೌದು, ಅವರೇ. ತೋಳು ಮಡಚಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಒಬ್ಬನ ಬೆನ್ನಿಗೆ ಗುದ್ದಿ, ಇನ್ನೊಬ್ಬನ ನಡಿಗೆಯನ್ನು ಅಣಕಿಸಿ ನಡೆದು ತೋರಿಸುತ್ತಿದ್ದರು. ಟ್ರೇಯನ್ನು ಮೇಜಿಗೆ ಕುಕ್ಕಿದರು, ನೋಡಿ, ಕುಕ್ಕಿದರು! ಒಂದು ಹಾಡಿನ ಎರಡು ಸಾಲನ್ನು ಅಪಸ್ವರದಲ್ಲಿ ಎಳೆದರು. ನನ್ನ ಗಂಡ ಹಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಇಷ್ಟಪಟ್ಟು ಮದುವೆಯಾಗಬಹುದಾಗಿದ್ದ ಮನುಷ್ಯ ಇಲ್ಲಿ ಇಷ್ಟು ವರ್ಷ ಇದ್ದ, ಇಲ್ಲಿನವರೆಲ್ಲ ದಿನವೂ ಅವನ ಜೊತೆ ನಕ್ಕಿದ್ದಾರೆ, ನಾನೊಬ್ಬಳೇ ಅವನನ್ನು ನೋಡಿಲ್ಲ. ಆ ಬ್ರೆಡ್ಡಿನ ಹಿಟ್ಟಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಅವರು ತಿರುಗಿದರು. ನನ್ನನ್ನು ಕಂಡ ಕೂಡಲೇ ಮುಖದ ನಗು ಇಳಿಯಿತು. ಹೆಗಲು ಕುಗ್ಗಿಸಿ, ತುದಿಗಾಲಲ್ಲಿ ನನ್ನ ಬಳಿಗೆ ಬಂದರು. ಅಷ್ಟು ಗದ್ದಲದ ನಡುವೆ ತುದಿಗಾಲು! ತುಟಿ ಅಲ್ಲಾಡಿಸಿದರು.

“ಕೇಳಿಸ್ತಿಲ್ಲ!” ಎಂದು ಕೂಗಿದೆ. ನನ್ನ ಗಂಟಲು ನನಗೇ ಹೊಸದಾಗಿತ್ತು.

“ಏನಾಯ್ತೇ? ಯಾರಿಗೇನಾಯ್ತು?”

“ನಾನು ಡಾಕ್ಟ್ರಿಗೆ ಹೂಂ ಅಂದೆ. ಊರು ಬಿಡ್ತೀನಿ.”

ಅವರು ಕೈಗಂಟಿದ ಹಿಟ್ಟನ್ನು ಕೆರೆದುಕೊಳ್ಳತೊಡಗಿದರು.

“ದಿನಾ ಆ ಕುರ್ಚೀಲಿ ಕಲ್ಲು ಕೂತ ಹಾಗೆ ಕೂತಿರ್ತೀರಲ್ಲ, ಯಾಕ್ರೀ? ನಿದ್ದೆ ಮಾಡಬಾರ್ದಾ? ನಗಬಾರ್ದಾ? ಇಲ್ಲಿ ನೋಡಿದ್ರೆ ಗುಡುಗಣ್ಣ!”

“ಆ ಕ್ಯಾಮೆರಾದಲ್ಲಿ ಒಂದು ಸಣ್ಣ ನೀಲಿ ದೀಪ ಇದೆ ಕಣೇ,” ಎಂದರು. “ನೀನು ಅಲ್ಲಿಂದ ನೋಡ್ತಿದ್ರೆ ಹತ್ತುತ್ತೆ, ಬಿಟ್ರೆ ಆರುತ್ತೆ. ಟೀ ಹೊತ್ತಿಗೆ ಹತ್ತುತ್ತೆ ಅಂತ ಗೊತ್ತಾಯ್ತು. ಅಲಾರಂ ಇಟ್ಕೊಂಡು ಎದ್ದು ಬಂದು ಕೂತ್ಕೋತೀನಿ. ಅಷ್ಟು ಹೊತ್ತು ನೀನು ಮನೇಲಿ ಇದ್ದ ಹಾಗೆ ಇರುತ್ತೆ.”

“ಹಾಗಾದ್ರೆ ಒಂದು ಕೈ ಆದ್ರೂ ಬೀಸಬಾರ್ದಾ?”

“ಅಲ್ಲಾಡಿದ್ರೆ ಗುಂಯ್ ಅನ್ನುತ್ತೆ ಅಂದೆಯಲ್ಲ. ಕೈಯಲ್ಲಿ ಮೋಟಾರು ಇರುತ್ತೆ, ಮತ್ತೆ ಕುಯ್ಕೊಂಡ್ರೆ?”

ಮೈದಾ ಚೀಲದ ಮೇಲೆ ಕೂತುಬಿಟ್ಟೆ. ಈ ಮನುಷ್ಯ ಇಡೀ ರಾತ್ರಿ ದುಡಿದು, ನಿದ್ದೆಯ ನಡುವೆ ಎದ್ದು, ಮೂಗು ತುರಿಸಿದರೂ ತಡೆದುಕೊಂಡು ನನ್ನ ಎದುರು ಕೂತಿದ್ದ. ನಾನು ಅದನ್ನೇ ನೋಡಿ ಅವನನ್ನು ಬಿಟ್ಟುಹೋಗಲು ಒಪ್ಪಿಕೊಂಡು ಬಂದಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ, ಅದೂ ಜೋರಾಗಿ. ಯಂತ್ರದ ಹತ್ತಿರ ನಿಂತವರೆಲ್ಲ ಬೇಕೆಂದೇ ಆ ಕಡೆ ತಿರುಗಿಕೊಂಡರು.

“ಈಗ ಹೇಳಿ,” ಎಂದೆ. “ಹೋಗ್ಲೋ ಬೇಡ್ವೋ?”

“ನಿಂಗೆ ಯಾವುದು ಸರಿ…”

“ಆ ಮಾತು ಇನ್ನೊಂದು ಸಲ ಬಂದ್ರೆ ಈ ಚೀಲ ಎತ್ತಿ ನಿಮ್ಮ ತಲೆ ಮೇಲೆ ಹಾಕ್ತೀನಿ. ನಿಮಗೆ ಏನು ಬೇಕು ಹೇಳಿ!”

ಅವರು ಉಸಿರೆಳೆದುಕೊಂಡರು. “ಹೋಗ್ಬೇಡ!” ಎಂದರು. ಇಡೀ ಓಣಿಗೆ ಕೇಳಿಸುವ ಹಾಗೆ, ಗುಡುಗಣ್ಣನ ಗಂಟಲಿನಲ್ಲಿ. “ಹೋಗ್ಬೇಡ ಕಣೇ! ನೀನು ಹೋದ್ರೆ ನಾನು ಯಾರ ಮನೆಗೆ ಬರಲಿ?”

“ಇದನ್ನ ಅವತ್ತು ರಜೆ ದಿನ ಕೇಳಿದಾಗ್ಲೇ ಹೇಳೋಕೆ ಏನು ಧಾಡಿಯಾಗಿತ್ತು ನಿಮಗೆ?”

“ಹೇಳಿದ್ದೆ ಕಣೇ. ಅವತ್ತು ರಾತ್ರಿ ಪಕ್ಕದಲ್ಲೇ ಕೂತು ಹೇಳಿದ್ದೆ,” ಎಂದರು. “ನೀನು ಮಲಗಿದ್ದೆ. ಎಬ್ಬಿಸೋಕೆ ಮನಸ್ಸು ಬರಲಿಲ್ಲ.”